ಮೂವತ್ತಾರು ನಿಮಿಷದ ವಿಮಾನ

ಯಾವುದಾದರೂ ಎರಡು ಊರುಗಳ ಹೆಸರು ಹೇಳಿ, ನಡುವಿನ ದೂರ ಎಷ್ಟೆಂದು ನಾನು ಹೇಳುತ್ತೇನೆ. ಇದು ಜಂಬದ ಮಾತಲ್ಲ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವನ ಚಟ. ಗೋಡೆಯ ನಕಾಶೆಯ ಮೇಲೆ ಈ ಊರಿನಿಂದ ಆ ಊರಿಗೆ ದಾರ ಹಿಡಿಯುವುದು, ಆ ದಾರವನ್ನು ಅಳತೆಪಟ್ಟಿಗೆ ಹಚ್ಚುವುದು, ಬಂದದ್ದನ್ನು ನಕಾಶೆಯ ಪ್ರಮಾಣದಿಂದ ಗುಣಿಸುವುದು. ಕಿತ್ತೂರಿನಿಂದ ರಾಮದುರ್ಗಕ್ಕೆ ಎಷ್ಟು, ರಾಮದುರ್ಗದಿಂದ ರಂಗೂನಿಗೆ ಎಷ್ಟು, ಎಲ್ಲಕ್ಕೂ ಅದೇ ದಾರ. ಹುಡುಗರು ನನಗೆ 'ದಾರದ ಮಾಸ್ತರ' ಎಂದು ಹೆಸರಿಟ್ಟಿದ್ದರು. ನಾನು ಅದನ್ನು ಬಿರುದು ಎಂದು ತಿಳಿದು ಸುಖವಾಗಿದ್ದೆ.

ನಿವೃತ್ತನಾದ ಮೇಲೆ ದಾರದ ಜಾಗಕ್ಕೆ ಮೊಬೈಲು ಬಂತು. ಅದರಲ್ಲಿ ಒಂದು ಬಗೆಯ ಪುಟಗಳಿವೆ. ಲೋಕದ ಯಾವ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೂ ನಡುವಿನ ದೂರ ಇಷ್ಟು, ಹಾರಾಟದ ಸಮಯ ಇಷ್ಟು ಎಂದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೇಳಿಬಿಡುತ್ತವೆ. ಊಟವಾದ ಮೇಲೆ ಬೇರೆ ಗಂಡಸರು ಎಲೆ ಅಡಿಕೆ ಹಾಕಿಕೊಂಡು ಅಡ್ಡಾಗುತ್ತಾರೆ. ನಾನು ಬೆಳಗಾವಿಯಿಂದ ಜಾಫ್ನಾಕ್ಕೆ ಎಷ್ಟು ಹೊತ್ತು ಎಂದು ನೋಡುತ್ತೇನೆ. ಜಾಫ್ನಾದಲ್ಲಿ ನನ್ನದು ಏನೂ ಕೆಲಸವಿಲ್ಲ, ತಿಳಿದಿದ್ದರೆ ಒಳ್ಳೆಯದು ಅಷ್ಟೇ.

ನನ್ನ ಈ ವಿದ್ಯೆಗೆ ತಲೆಬಾಗದವರು ಲೋಕದಲ್ಲಿ ಇಬ್ಬರೇ ಇದ್ದರು. ಒಬ್ಬಳು ನನ್ನ ಹೆಂಡತಿ ಮಹಾದೇವಿ. ಇನ್ನೊಬ್ಬರು ಅವಳ ತಾಯಿ ಗೌರವ್ವ. ಸವದತ್ತಿ ತಾಲೂಕಿನ ಹೂಲಿಯಲ್ಲಿ ಮಗ ಶಿವಪುತ್ರನ ಜೊತೆ ಇದ್ದ ಎಂಬತ್ತಾರರ ಮುದುಕಿ. ಒಂದು ಸಲ ಹೂಲಿಗೆ ಹೋದಾಗ, ಬೈಲಹೊಂಗಲದಿಂದ ಹೂಲಿಗೆ ನೇರ ದೂರ ಇಷ್ಟೇ ಇರುವಾಗ ಬಸ್ಸು ಯಾಕೆ ಇಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ನಾನು ಸಾರಿಗೆ ವ್ಯವಸ್ಥೆಯನ್ನು ತರಾಟೆಗೆ ತೆಗೆದುಕೊಂಡಿದ್ದೆ. ಅತ್ತೆಯವರು ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡು, "ಅಳೇದೇವರ, ನಿಮ್ಮ ದಾರದಾಗ ಹಳ್ಳ-ಕೊಳ್ಳ ಬರೂದಿಲ್ಲೇನ್ರಿ?" ಎಂದು ಕೇಳಿದರು. ಶಾಲೆಯ ಮುಖ ನೋಡದ ಹೆಣ್ಣುಮಗಳು ಎಂದು ನಾನು ನಕ್ಕು ಬಿಟ್ಟೆ.

ಇರಲಿ, ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಕಾಶಿ, ಅಯೋಧ್ಯೆ, ಅಲ್ಲಿಂದ ನೇಪಾಳ ಎಂದು ಒಂದು ಟೂರಿಗೆ ಹೆಸರು ಕೊಟ್ಟರು. ಮಹಾದೇವಿಗೆ ಮನಸ್ಸಿತ್ತು, ಆದರೆ ಧೈರ್ಯವಿರಲಿಲ್ಲ. ಒಂದು ತಿಂಗಳಿಂದ ಅತ್ತೆಯವರ ಊಟ ಕಡಿಮೆಯಾಗಿತ್ತು. ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ಪರದೇಶಕ್ಕೆ ಹೋಗಿ ಕುಳಿತರೆ, ನಡುವೆ ಏನಾದರೂ ಆದರೆ ಏನು ಗತಿ ಎಂದು ಅವಳ ಚಿಂತೆ.

ನಾನು ಮೊಬೈಲು ತೆಗೆದೆ. ಲುಂಬಿನಿಯಿಂದ ಹೂಲಿಗೆ ನೇರ ದೂರ ಸಾವಿರದ ಐದುನೂರು ಕಿಲೋಮೀಟರು, ವಿಮಾನಕ್ಕೆ ಎರಡು ತಾಸಿನ ದಾರಿ. ಇಲ್ಲಿಂದ ರಾಮದುರ್ಗಕ್ಕೆ ಬಸ್ಸಿನಲ್ಲಿ ಹೋದರೂ ಅಷ್ಟೇ ಹೊತ್ತು ಹಿಡಿಯುತ್ತದೆ. ಹಾಗಾದರೆ ಭೌಗೋಳಿಕವಾಗಿ ನೇಪಾಳವೂ ರಾಮದುರ್ಗವೂ ಒಂದೇ ಎಂದು ಸಿದ್ಧಮಾಡಿ ತೋರಿಸಿದೆ. ಅವಳು ನಂಬಲಿಲ್ಲ. ಹೂಲಿಗೆ ಹೋಗಿ ತಾಯಿಯನ್ನೇ ಕೇಳಿಕೊಂಡು ಬಂದಳು. ದೇವರ ದರ್ಶನ ಮಾಡಿಕೊಂಡು ಬಾ, ನಾನೇನೂ ಓಡಿ ಹೋಗುವುದಿಲ್ಲ ಎಂದು ಅತ್ತೆಯವರು ಹೇಳಿ ಕಳಿಸಿದರಂತೆ.

ಟೂರು ಹೊರಟ ಒಂಬತ್ತನೆಯ ದಿನ ಬೆಳಿಗ್ಗೆ ಆರೂಕಾಲಿಗೆ ಶಿವಪುತ್ರನ ಫೋನು ಬಂತು.

"ಮಾಮಾರ, ಅವ್ವ ಹ್ವಾದಳ್ರಿ."

ಮುಂಜಾನೆ ಎದ್ದು ಚಹಾ ಕೇಳಿದ್ದರಂತೆ. ತರುವುದರೊಳಗೆ ಗೋಡೆಗೆ ಒರಗಿದ್ದವರು ಒರಗಿದ ಹಾಗೆಯೇ ಹೋಗಿದ್ದರು. ಶಿವಪುತ್ರ ಸ್ವಲ್ಪ ಹೊತ್ತು ಅತ್ತು, ಅಕ್ಕ ಬರುವ ತನಕ ಕಾಯೋಣ, ಮಣ್ಣು ನಾಳೆ ಮಾಡೋಣ, ಅವಳು ಎಷ್ಟು ಹೊತ್ತಿಗೆ ಬಂದು ಮುಟ್ಟಬಹುದು ಎಂದು ಕೇಳಿದ. ನಮ್ಮಲ್ಲಿ ಹೆಣ್ಣುಮಗಳು ತಾಯಿಯ ಕಡೆಯ ಮುಖ ನೋಡದೆ ಇರುವುದೆಂದರೆ ಸಣ್ಣ ಮಾತಲ್ಲ, ಜೀವ ಇರುವ ತನಕ ಅದು ಒಳಗೆ ಕೊರೆಯುತ್ತದೆ. ಅದೆಲ್ಲ ನನಗೆ ಬಿಡು ಎಂದು ಹೇಳಿದೆ. ಆ ದಿನ ನಾನು ಹೇಳಿದ ಮಾತುಗಳಲ್ಲಿ ಹೇಳಬಾರದಿದ್ದ ಮೊದಲನೆಯ ಮಾತು ಅದು.

ಮಹಾದೇವಿ ಅಂದು ಲುಂಬಿನಿಯಲ್ಲಿದ್ದಳು. ನಾನು ಫೋನು ಮಾಡುವ ಹೊತ್ತಿಗೆ ತಮ್ಮನಿಂದ ಸುದ್ದಿ ಮುಟ್ಟಿತ್ತು. ಟೂರಿನ ಮ್ಯಾನೇಜರು ಒಳ್ಳೆಯ ಮನುಷ್ಯ, ಬೆಳಗಾವಿ ಕಡೆಯವನು. ಅಷ್ಟರಲ್ಲೇ ಒಂದು ಜೀಪು ಗೊತ್ತು ಮಾಡಿ ಬಾಗಿಲಿಗೆ ತಂದು ನಿಲ್ಲಿಸಿದ್ದ. ಜೀಪಿನಲ್ಲಿ ಸುನೌಲಿ ಗಡಿ ದಾಟಿ ಗೋರಖಪುರ. ಅಲ್ಲಿಂದ ಮಧ್ಯಾಹ್ನ ಎರಡಕ್ಕೆ ವಿಮಾನ, ನಡುವೆ ಒಂದು ಕಡೆ ಬದಲಿ, ಮರುದಿನ ಬೆಳಿಗ್ಗೆ ಹುಬ್ಬಳ್ಳಿ. ಮಧ್ಯಾಹ್ನದೊಳಗೆ ಹೂಲಿ. ಟಿಕೀಟನ್ನೂ ತೆಗೆದುಬಿಟ್ಟಿದ್ದ. ಅವಳು ಜೀಪು ಹತ್ತಿ ಕುಳಿತಿದ್ದರೆ ಸಾಕಿತ್ತು, ಈ ಬರಹದ ಅವಶ್ಯಕತೆಯೇ ಇರಲಿಲ್ಲ.

ಆದರೆ ನಾನು ಆಗಲೇ ಮೊಬೈಲು ನೋಡಿ ಕುಳಿತಿದ್ದೆ. ಲುಂಬಿನಿಯ ಪಕ್ಕದಲ್ಲೇ ಭೈರಹವಾ ಎಂಬ ಊರಿದೆ, ಅಲ್ಲಿ ವಿಮಾನ ನಿಲ್ದಾಣವಿದೆ. ಭೈರಹವಾದಿಂದ ಗೋರಖಪುರಕ್ಕೆ ಎಂದು ಕೇಳಿದ ಕೂಡಲೇ ಪುಟ ತೆರೆದುಕೊಂಡಿತು. ದೂರ ಎಂಬತ್ತೈದು ಕಿಲೋಮೀಟರು, ಹಾರಾಟದ ಸಮಯ ಮೂವತ್ತಾರು ನಿಮಿಷ. ಕೆಳಗೆ ಒಂದು ಪುಟ್ಟ ವಿಮಾನದ ಚಿತ್ರವೂ ಇತ್ತು. ಚಿತ್ರ ನೋಡಿದ ಮೇಲೆ ಸಂಶಯವೆಲ್ಲಿ? ಇಷ್ಟು ಹತ್ತಿರವಿದ್ದ ಮೇಲೆ ಬೈಲಹೊಂಗಲ-ಬೆಳಗಾವಿ ಬಸ್ಸಿನ ಹಾಗೆ ಅರ್ಧ ತಾಸಿಗೊಂದು ಬಿಡುತ್ತಿರಬೇಕು ಎಂದುಕೊಂಡೆ. ಜೀಪಿನಲ್ಲಿ ಮೂರು ತಾಸು ಮೈ-ಕೈ ನೋಯಿಸಿಕೊಂಡು ಹೋಗುವುದು, ಗಡಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಳ್ಳುವುದು, ಇದೆಲ್ಲ ಭೂಗೋಳ ಓದದವರ ಕೆಲಸ.

ಮ್ಯಾನೇಜರು ವಿನಯದಿಂದಲೇ, "ಸರ, ಆ ವಿಮಾನ ಐತೋ ಇಲ್ಲೋ ನನಗ ಗೊತ್ತಿಲ್ರಿ. ಜೀಪ ಅಂತೂ ಬಾಗಲಾಗ ಐತಿ," ಎಂದ.

ನಿಮಗೆ ಗೊತ್ತಿಲ್ಲದಿದ್ದರೆ ಅದು ಭೂಗೋಳದ ತಪ್ಪಲ್ಲ ಎಂದು ಅವನಿಗೆ ಹೇಳಿ, ಫೋನನ್ನು ಹೆಂಡತಿಯ ಕೈಗೆ ಕೊಡಿಸಿದೆ. ನೇಪಾಳದ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದಿದೆ, ಆದ್ದರಿಂದ ಅಲ್ಲಿ ಹತ್ತಕ್ಕೆ ಹತ್ತಿದರೆ ಗೋರಖಪುರದಲ್ಲಿ ಹತ್ತೂ ಇಪ್ಪತ್ತೊಂದಕ್ಕೇ ಇಳಿಯಬಹುದು, ಹದಿನೈದು ನಿಮಿಷ ಪುಕ್ಕಟೆ ಲಾಭ ಎಂದು ವಿವರಿಸಿದೆ. ತಾಯಿ ತೀರಿಹೋಗಿ ಒಂದು ತಾಸು ಆಗಿರದ ಹೆಣ್ಣುಮಗಳಿಗೆ ನಾನು ರೇಖಾಂಶದ ಪಾಠ ಹೇಳಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅವಳು ಮೂಗು ಒರೆಸಿಕೊಂಡು, "ಖಾತ್ರಿ ಐತೇನ್ರಿ?" ಎಂದು ಕೇಳಿದಳು.

"ಮೂವತ್ತೊಂದು ವರ್ಷ ಇದನ್ನ ಕಲಿಸೇನಿ," ಎಂದೆ.

"ಆತು ಬಿಡ್ರಿ. ನೀವು ಹೇಳಿದಂಗ ಮಾಡತೇನಿ."

ಮದುವೆಯಾಗಿ ಮೂವತ್ನಾಲ್ಕು ವರ್ಷ. ಅವಳು ಎದುರಾಡದೆ ನನ್ನ ಮಾತು ಕೇಳಿದ್ದು ಅದೇ ಮೊದಲು. ಸೀರೆಯ ಬಣ್ಣದಿಂದ ಹಿಡಿದು ಮಗಳ ಸಂಬಂಧದ ತನಕ ನನ್ನ ಒಂದು ಮಾತನ್ನೂ ಜರಡಿ ಹಿಡಿಯದೆ ಒಪ್ಪಿದವಳಲ್ಲ. ಅಂದು ಅವಳಲ್ಲಿ ಜಗಳಾಡುವ ತ್ರಾಣ ಉಳಿದಿರಲಿಲ್ಲ ಅಷ್ಟೇ. ನಾನು ಅದನ್ನು ನನ್ನ ವಿದ್ಯೆಗೆ ಸಂದ ಜಯ ಎಂದು ತಿಳಿದೆ. ಜೀಪು ಅವಳನ್ನು ಭೈರಹವಾದ ನಿಲ್ದಾಣದ ಮುಂದೆ ಇಳಿಸಿ ತಿರುಗಿ ಹೋಯಿತು.

ಬಂಧು-ಬಳಗಕ್ಕೆ ತಿಳಿಸುವುದು ನನ್ನ ಕರ್ತವ್ಯವಾಗಿತ್ತು. ನಮ್ಮ ಮನೆತನದವರದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಎಲ್ಲರೂ ಅರ್ಧ ಇಂಗ್ಲಿಷು ಅರ್ಧ ಕನ್ನಡ ಬರೆದು ಭಾಷೆಯನ್ನು ಕೆಡಿಸುತ್ತಾರೆ ಎಂದು ನನಗೆ ಮೊದಲಿನಿಂದ ಸಿಟ್ಟು. ಫ್ಲೈಟ್ ಎಂದು ಬರೆಯಲು ನನ್ನ ಕೈ ಒಪ್ಪಲಿಲ್ಲ. ಅಚ್ಚುಕಟ್ಟಾಗಿ ಕುಳಿತು, ಅಲ್ಪವಿರಾಮ ಪೂರ್ಣವಿರಾಮ ಹಾಕಿ ಹೀಗೆ ಬರೆದೆ: 'ಗೌರವ್ವನವರು ಇಂದು ಬೆಳಗಿನ ಜಾವ ಶಿವೈಕ್ಯರಾದರು. ವಿಮಾನವು ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಹೊರಡಲಿದೆ. ಒಂದು ನಿಮಿಷವೂ ಆಚೀಚೆ ಆಗುವುದಿಲ್ಲ. ಎಲ್ಲರೂ ಧೈರ್ಯದಿಂದ ಇರಬೇಕು.'

ಗೋರಖಪುರದ ವಿಮಾನ ಎಂದು ಬರೆದಿದ್ದರೂ ಆಗುತ್ತಿತ್ತು. ಬೇಡವಾದ ಪದ ಬಳಸಬಾರದು ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಗುಂಪಿನಲ್ಲಿದ್ದವರೆಲ್ಲ ಕೈಮುಗಿದ ಚಿತ್ರ ಹಾಕಿದರು. ಯಾವ ವಿಮಾನ ಎಂದು ಒಬ್ಬರೂ ಕೇಳಲಿಲ್ಲ. ಸಾವಿನ ಸುದ್ದಿಯಲ್ಲಿ ಅಂಥ ಪ್ರಶ್ನೆ ಯಾರು ಕೇಳುತ್ತಾರೆ?

ನಾನು ಆಗಲೇ ಬಸ್ಸು ಹತ್ತಿ ಹೂಲಿಗೆ ಹೋಗಬೇಕಿತ್ತು. ದಾರಿಯಲ್ಲಿ ಸಿಗ್ನಲು ಸಿಗದಿದ್ದರೆ ಕಾರ್ಯಾಚರಣೆಗೆ ಧಕ್ಕೆಯಾದೀತು ಎಂದು ಮನೆಯಲ್ಲೇ ಕುಳಿತೆ. ಮೇಜಿನ ಮೇಲೆ ಮೊಬೈಲು, ಚಾರ್ಜರು, ಹಳೆಯ ಅಟ್ಲಾಸು. ಪಕ್ಕದ ಮನೆಯವರು ಸಮಾಧಾನ ಹೇಳಲು ಬಂದರೆ, ಈಗ ಮಾತಾಡಿಸಬೇಡಿ ಎಂದು ಕೈ ಮಾಡಿ ಕಳಿಸಿದೆ. ಮನೆಯ ಮುದುಕಿ ತೀರಿದ ದಿನ ನಾನು ನಡೆಸಿದ್ದು ಶೋಕವಲ್ಲ, ಕಂಟ್ರೋಲ್ ರೂಮು.

ಒಂಬತ್ತಕ್ಕೆ ಮಹಾದೇವಿಯ ಮೊದಲ ಫೋನು. ಗೋರಖಪುರಕ್ಕೆ ವಿಮಾನ ಇಲ್ಲ ಎಂದು ಕೌಂಟರಿನವನು ಹೇಳುತ್ತಿದ್ದಾನಂತೆ. ಅವನು ಹೊಸಬನಿರಬೇಕು, ಇನ್ನೊಬ್ಬರನ್ನು ಕೇಳು ಎಂದೆ. ಒಂಬತ್ತೂವರೆಗೆ ಎರಡನೆಯ ಫೋನು. ಇನ್ನೊಬ್ಬನೂ ಅದನ್ನೇ ಹೇಳಿದನಂತೆ. ಎರಡು ಜನ ಒಂದೇ ತಪ್ಪು ಹೇಳಿದರೆ ಅದು ಸರಿಯಾಗುವುದಿಲ್ಲ ಎಂದು ನಾನು ಪುಟದ ಚಿತ್ರ ತೆಗೆದು ಅವಳಿಗೆ ಕಳಿಸಿ, ಇದನ್ನು ದೊಡ್ಡ ಅಧಿಕಾರಿಗೆ ತೋರಿಸು ಎಂದೆ. ದೊಡ್ಡ ಅಧಿಕಾರಿ ಬರುವುದು ಹತ್ತೂವರೆಗೆ ಎಂದು ತಿಳಿಯಿತು. ಬಾಗಿಲ ಬಳಿ ಬ್ಯಾಗಿನ ಮೇಲೆ ಕುಳಿತು ಕಾದಳು. ನಡುನಡುವೆ ಶಿವಪುತ್ರನ ಫೋನು ಬರುತ್ತಿತ್ತು, ನೇಪಾಳದ ಗದ್ದಲದಲ್ಲಿ ನಾನು ಎತ್ತಲಿಲ್ಲ. ಹನ್ನೊಂದು ಸಲ ಮಾಡಿದ್ದ ಎಂದು ಆಮೇಲೆ ಎಣಿಸಿದೆ.

ಹನ್ನೊಂದರ ಹೊತ್ತಿಗೆ ಮಹಾದೇವಿಯ ಮೂರನೆಯ ಫೋನು ಬಂತು. ಅವಳ ದನಿ ಬಹಳ ಸಣ್ಣದಾಗಿತ್ತು.

"ದೊಡ್ಡ ಸಾಹೇಬ್ರಿಗೆ ತೋರಿಸಿದ್ನಿ. ಪಾಪ, ಕುಂದರಿಸಿ ಸಮಾಧಾನಲೇ ಹೇಳಿದ್ರು. ವಿಮಾನ ಹಾರಿದ್ರ ಇಷ್ಟ ಹೊತ್ತು ಹಿಡೀತಿತ್ತು ಅಂತ ಲೆಕ್ಕಾ ಹಾಕಿ ಬರದಾರಂತ. ಹಾರತೈತಿ ಅಂತಲ್ಲಂತ."

ಹಾಗೆಂದರೆ ಏನು ಎಂದೆ.

"ಆ ದಾರೀಲೆ ಯಾವ ವಿಮಾನಾನೂ ಇಲ್ಲಂತ್ರಿ," ಎಂದಳು.

ಮೊಬೈಲು ನೋಡಿದೆ. ಆ ಪುಟ ಹಾಗೆಯೇ ಇತ್ತು. ಎಂಬತ್ತೈದು ಕಿಲೋಮೀಟರು, ಮೂವತ್ತಾರು ನಿಮಿಷ, ಕೆಳಗೆ ಪುಟ್ಟ ವಿಮಾನ. ಪುಟ ಸುಳ್ಳು ಹೇಳಿರಲಿಲ್ಲ. ನಾನು ಕೇಳದಿದ್ದ ಪ್ರಶ್ನೆಗೆ ಅದು ಉತ್ತರ ಕೊಟ್ಟಿರಲಿಲ್ಲ, ಅಷ್ಟೇ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ: ಕೂಡಲೇ ಗಡಿಯ ಕಡೆಗೆ ಹೊರಡು, ಆ ಕಡೆ ಕಾಲಿಟ್ಟರೆ ಹದಿನೈದು ನಿಮಿಷವಂತೂ ನಮ್ಮದೇ.

"ಹದಿನೈದು ನಿಮಿಷ ತಗೊಂಡು ಏನ ಮಾಡ್ಲಿ?" ಎಂದು ಅವಳು ಫೋನು ಇಟ್ಟಳು.

ಜೀಪು ಯಾವಾಗಲೋ ಹೋಗಿತ್ತು. ಅವಳು ಒಬ್ಬಳೇ ರಿಕ್ಷಾ ಹಿಡಿದು ಗಡಿಗೆ ಹೋಗಿ, ನಡೆದು ದಾಟಿ, ಈ ಕಡೆ ಸೀಟು ತುಂಬುವ ತನಕ ಹೊರಡದ ಒಂದು ಜೀಪಿನಲ್ಲಿ ಹೋಗಿ ಕುಳಿತಳು. ಎರಡರ ವಿಮಾನ ತಪ್ಪಿತು ಎಂಬುದು ನನಗೆ ಖಾತ್ರಿಯಾಯಿತು. ಅಂದಿನ ದಿನ ನಾನು ಮಾಡಿದ ಲೆಕ್ಕಗಳಲ್ಲಿ ಸರಿಯಾದದ್ದು ಅದೊಂದೇ. ಅದರ ಮುಂದಿನ ವಿಮಾನ ಮರುದಿನ ಮಧ್ಯಾಹ್ನ. ಅಂದರೆ ಮೂರನೆಯ ದಿನವೇ ಅವಳು ಹೂಲಿ ಕಾಣುವುದು. ಹೇಗಾದರೂ ಮಾಡಿ ಮಣ್ಣನ್ನು ಇನ್ನೊಂದು ದಿನ ಮುಂದಕ್ಕೆ ಹಾಕಿಸಬೇಕು, ಮಂಜುಗಡ್ಡೆಯಾದರೂ ತರಿಸಬೇಕು, ಹಿರಿಯರ ಕಾಲಾದರೂ ಹಿಡಿಯಬೇಕು ಎಂದುಕೊಂಡು ಸವದತ್ತಿ ಬಸ್ಸು ಹತ್ತಿದೆ.

ಬಸ್ಸಿನಿಂದಲೇ ಶಿವಪುತ್ರನಿಗೆ ಫೋನು ಮಾಡಿದೆ. ಈಗ ಅವನು ಎತ್ತಲಿಲ್ಲ.

ಹೂಲಿ ಮುಟ್ಟುವ ಹೊತ್ತಿಗೆ ಒಂದೂವರೆ ದಾಟಿತ್ತು. ಓಣಿಯ ತಿರುವಿನಲ್ಲೇ ಭಜನೆಯ ದನಿ ಕೇಳಿಸಿತು. ಇಷ್ಟೊಂದು ಜನರೇ ಎನಿಸಿತು. ರಾಮದುರ್ಗದವರು, ಕಿತ್ತೂರಿನವರು, ಸಂಪಗಾವಿಯ ಬೀಗರು, ಎಲ್ಲರೂ ಆಗಲೇ ಬಂದು ನೆರೆದಿದ್ದರು. ಮಠದ ಅಯ್ಯನವರೂ ಬಂದಿದ್ದರು. ನಾಳೆಯ ಮಣ್ಣಿಗೆ ಇವತ್ತೇ ಬಂದಿದ್ದಾರಲ್ಲ, ಎಂಥ ಪ್ರೀತಿ ಎಂದುಕೊಳ್ಳುತ್ತ ನಾನು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದೆ. ಹೋದವನು ಅಂಗಳದಲ್ಲಿ ನಿಂತುಬಿಟ್ಟೆ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತಾರೆ. ಬಿದಿರಿನ ಗಳಗಳನ್ನು ಕಟ್ಟಿ, ಮೇಲೆ ಮಂಟಪ ಮಾಡಿ, ಬಾಳೆಕಂಬ ನಿಲ್ಲಿಸಿ, ಚೆಂಡು ಹೂವಿನಿಂದ ಸಿಂಗಾರ ಮಾಡಿ, ಅದರೊಳಗೆ ಕೂಡಿಸಿ ಹೆಗಲ ಮೇಲೆ ಹೊತ್ತು ನಡೆಯುತ್ತಾರೆ. ಆ ಮಂಟಪಕ್ಕೆ ನಮ್ಮ ಕಡೆ ಒಂದೇ ಹೆಸರು. ವಿಮಾನ.

ಅಂಗಳದ ನಡುವೆ ವಿಮಾನ ಸಿದ್ಧವಾಗಿ ನಿಂತಿತ್ತು. ಒಳಗೆ ಅತ್ತೆಯವರು ಹಣೆತುಂಬ ವಿಭೂತಿ ಹಚ್ಚಿಕೊಂಡು, ಹಸಿರು ಸೀರೆ ಉಟ್ಟು ಕುಳಿತಿದ್ದರು. ಪಕ್ಕದಲ್ಲಿ ವಿಮಾನ ಕಟ್ಟಿದ ಚನ್ನಬಸಪ್ಪ ಕಾಕಾ ಬೆವರು ಒರೆಸಿಕೊಳ್ಳುತ್ತಿದ್ದರು. ಊರಲ್ಲಿ ಯಾರು ತೀರಿಕೊಂಡರೂ ವಿಮಾನ ಅವರದೇ. ನನ್ನನ್ನು ಕಂಡು ಹೆಮ್ಮೆಯಿಂದ, "ಅಳೇದೇವರ, ಎರಡಕ್ಕ ಅಂದಿದ್ರಿ. ಇಪ್ಪತ್ತ ನಿಮಿಷ ಮೊದಲ ತಯಾರ ಮಾಡೇನಿ ನೋಡ್ರಿ," ಎಂದರು.

ಬೆಳಿಗ್ಗೆ ಗುಂಪಿಗೆ ಬರೆದದ್ದು ಆಗ ನೆನಪಾಯಿತು. ವಿಮಾನ ಎಂಬ ಮಾತಿನ ಈ ಅರ್ಥ ನನಗೆ ಗೊತ್ತಿಲ್ಲದ್ದೇ? ನನ್ನ ತಂದೆಯನ್ನು, ತಾಯಿಯನ್ನು ವಿಮಾನ ಕಟ್ಟಿಯೇ ಕಳಿಸಿದ್ದೇನೆ. ಅಚ್ಚ ಕನ್ನಡ ಬರೆಯಹೋದ ಕೈಗೆ ಅಂದು ಬೆಳಿಗ್ಗೆ ಅದೊಂದು ನೆನಪಾಗಲಿಲ್ಲ. ನಲವತ್ತು ಮನೆಗಳಿಗೆ ನನ್ನ ಕೈಯಾರೆ ಹೊತ್ತು ಗೊತ್ತುಮಾಡಿ ತಿಳಿಸಿದ್ದೆ, ಒಂದು ನಿಮಿಷವೂ ಆಚೀಚೆ ಇಲ್ಲ ಎಂದು!

ಶಿವಪುತ್ರನ ಕೈ ಹಿಡಿದು ಎಳೆದುಕೊಂಡು ಹೋಗಿ ಕೇಳಿದೆ. ಅವನ ಕಣ್ಣುಗಳು ಕೆಂಪಾಗಿದ್ದವು.

"ಎರಡಕ್ಕ ವಿಮಾನ ಅಂತ ನೀವ ಬರದೀರಿ ಅಂದ ಮ್ಯಾಲ ಅಕ್ಕಗ ಬರಾಕ ಆಗೂದಿಲ್ಲ ಅಂತ ತಿಳಕೊಂಡ್ನಿ, ಮಾಮಾರ. ಕೇಳೂಣಂತ ಎಷ್ಟ ಸಲ ಫೋನ ಮಾಡಿದ್ನಿ, ನೀವು ಎತ್ತಲಿಲ್ಲ."

ಹಿರಿಯರ ಹತ್ತಿರ ಹೋದೆ. ನಡೆದದ್ದನ್ನು ತೊದಲುತ್ತ ಹೇಳಿದೆ. ಅವರಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಮ್ಮೆ ವಿಮಾನದಲ್ಲಿ ಕೂಡಿಸಿದ ಮೇಲೆ ಇಳಿಸುವ ಪದ್ಧತಿಯಿಲ್ಲ ಎಂದು ಕಾಕಾ ಹೇಳಿದರು. ಬೇಕಾದರೆ ಹೊತ್ತು ಮುಳುಗುವ ತನಕ ಕಾಯಬಹುದು, ಮಗಳು ಅಷ್ಟರೊಳಗೆ ಬರುತ್ತಾಳೇನು ಎಂದು ಅಯ್ಯನವರು ಕೇಳಿದರು. ನಾಡಿದ್ದು ಬರುತ್ತಾಳೆ ಎಂದು ನಾನು ಹೇಳಬೇಕಾಯಿತು. ಅಯ್ಯನವರು ಕಣ್ಣು ಮುಚ್ಚಿಕೊಂಡರು.

ಹೀಗೆ ನನ್ನ ಎರಡು ತಪ್ಪುಗಳು ಒಂದಕ್ಕೊಂದು ಹೊಂದಿಕೊಂಡವು. ಅಲ್ಲಿಯ ವಿಮಾನ ತಪ್ಪಿದ್ದರಿಂದ ಇಲ್ಲಿಯ ವಿಮಾನವನ್ನು ನಿಲ್ಲಿಸಿ ಪ್ರಯೋಜನವಿರಲಿಲ್ಲ. ಇಲ್ಲಿಯ ವಿಮಾನ ಹೊರಟಿದ್ದರಿಂದ ಅಲ್ಲಿಯದು ಸಿಕ್ಕಿದ್ದರೂ ಉಪಯೋಗವಾಗುತ್ತಿರಲಿಲ್ಲ. ಒಂದೇ ದಿನ ಎರಡೂ ದಾರಿ ಮುಚ್ಚಲು ಶತ್ರುವಿನಿಂದಲೂ ಆಗುತ್ತಿರಲಿಲ್ಲ. ಮನೆಯ ಅಳಿಯ ಮಾಡಿ ತೋರಿಸಿದ್ದೆ.

ಮಹಾದೇವಿಗೆ ಹೇಳಲೇಬೇಕಿತ್ತು. ಹೇಳಿದೆ. ಆ ಕಡೆ ಜೀಪಿನವನು ಇನ್ನೂ ಗಿರಾಕಿ ಕರೆಯುತ್ತಿದ್ದ.

"ಒಂದ ಸಲ ಮಾರಿ ತೋರಸ್ರಿ," ಎಂದಳು. "ಫೋನಿನಾಗರ ನೋಡತೇನಿ."

ಇದನ್ನಾದರೂ ಸರಿಯಾಗಿ ಮಾಡಬೇಕು ಎಂದು ನಿಶ್ಚಯಿಸಿದೆ. ವಿಡಿಯೋ ಕಾಲ್ ಹಚ್ಚಿ, ಜನರನ್ನು ಸರಿಸಿ, ವಿಮಾನದ ಮುಂದೆ ಹೋಗಿ ನಿಂತೆ. ಲೋಬಾನದ ಹೊಗೆ ದಟ್ಟವಾಗಿ ಏಳುತ್ತಿತ್ತು. ಭಜನೆಯವರು ತಾಳ ಏರಿಸಿದ್ದರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯವರ ಮುಖದ ನೇರಕ್ಕೆ ಚಾಚಿದೆ. ಕನ್ನಡಕ ಜೇಬಿನಲ್ಲಿತ್ತು, ಕೈ ಖಾಲಿ ಇರಲಿಲ್ಲ. ಆದರೂ ಪರದೆಯ ಮೇಲೆ ಮಹಾದೇವಿ ಮಸುಕಾಗಿ ಕಂಡಳು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಅಳುತ್ತಲೇ ಬಲಗೈಯನ್ನು ಗಾಳಿಯಲ್ಲಿ ದುಂಡಗೆ ತಿರುಗಿಸತೊಡಗಿದಳು, ಮತ್ತೆ ಮತ್ತೆ ತಿರುಗಿಸಿದಳು. ದೂರದಿಂದಲೇ ತಾಯಿಗೆ ಆರತಿ ಬೆಳಗುತ್ತಿದ್ದಾಳೆ ಎಂದು ನಾನು ಪಕ್ಕದಲ್ಲಿದ್ದವರಿಗೆ ಹೇಳಿದೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ನಾಲ್ಕು ನಿಮಿಷದ ಮೇಲೆ ನೆಟ್‌ವರ್ಕ್ ಹೋಯಿತು.

ಎರಡು ಗಂಟೆಗೆ ಸರಿಯಾಗಿ ವಿಮಾನ ಹೊರಟಿತು. ಒಂದು ನಿಮಿಷವೂ ಆಚೀಚೆ ಆಗಲಿಲ್ಲ.

ಮೂರನೆಯ ದಿನ ಹೊತ್ತು ಏರಿದ ಮೇಲೆ ಮಹಾದೇವಿ ಹೂಲಿಗೆ ಬಂದಳು. ಹಾಲು-ತುಪ್ಪ ಬಿಡುವ ದಿನ. ಬ್ಯಾಗನ್ನು ಕಟ್ಟೆಯ ಮೇಲೆ ಇಟ್ಟು, ಯಾರ ಕೂಡ ಮಾತಾಡದೆ ನೇರ ಹೊಲಕ್ಕೆ ನಡೆದಳು. ಹಸಿ ಮಣ್ಣಿನ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ಕುಳಿತಳು. ನನ್ನನ್ನು ಬೈಯುತ್ತಾಳೆ ಎಂದು ಎರಡು ದಿನದಿಂದ ಕಾಯುತ್ತಿದ್ದೆ, ಬೈಯಲಿ ಎಂದು ದೇವರಲ್ಲಿ ಬೇಡಿಕೊಂಡಿದ್ದೆ. ಅವಳು ಬೈಯಲಿಲ್ಲ. ಊಟಕ್ಕೆ ಕುಳಿತಾಗ ನನ್ನ ತಾಟಿಗೆ ಎಂದಿನಂತೆ ಎರಡನೆಯ ರೊಟ್ಟಿ ಹಾಕಿದಳು.

ಊಟವಾದ ಮೇಲೆ ಅವಳು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ನನ್ನ ಕೈಯಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ಕೆಲಸವನ್ನು ಮುಂದೆ ಇಟ್ಟೆ.

"ಏನ ಆಗಲಿ, ಮಾದೇವಿ, ಫೋನಿನಾಗರ ಅವ್ವನ ಮಾರಿ ನೋಡಿದಿ. ಅಷ್ಟರ ನನ್ನ ಕೈಲೆ ಆತು."

ಅವಳು ತಿರುಗಿ ನನ್ನನ್ನೇ ನೋಡಿದಳು.

"ಅವ್ವನ ಮಾರಿ ಎಲ್ಲಿ ಕಂಡ್ತ್ರಿ? ಕ್ಯಾಮೆರಾ ನಿಮ್ಮ ಕಡೆ ಇತ್ತು. ನಾಕ ನಿಮಿಷ ನಿಮ್ಮ ಮಾರಿನ ನೋಡಿದ್ನಿ. ತಿರುವ್ರಿ, ತಿರುವ್ರಿ ಅಂತ ಕೈ ಮಾಡಿ ಒದರಿದ್ನಿ. ನಿಮಗ ತಿಳೀಲಿಲ್ಲ."

ಪಡಸಾಲೆಯ ನೆಲ ಬಾಯಿ ಬಿಟ್ಟರೆ ಇಳಿದು ಹೋಗಲು ನಾನು ಸಿದ್ಧನಿದ್ದೆ. ಹಾಗಾದರೆ ಫೋನು ಇಟ್ಟು ಮತ್ತೊಮ್ಮೆ ಹಚ್ಚಬೇಕಿತ್ತು, ಯಾಕೆ ಇಡಲಿಲ್ಲ ಎಂದು ಹೇಗೋ ಕೇಳಿದೆ.

"ಇಡಾಕ ಹೋಗಿದ್ನಿ. ಅಷ್ಟರಾಗ ನಿಮ್ಮ ಕಣ್ಣಾಗಿಂದ ನೀರು ಇಳಿಯಾಕ ಹತ್ತಿತ್ತು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮೂವತ್ನಾಕು ವರ್ಷದಾಗ ನೀವು ಅತ್ತಿದ್ದು ನಾ ನೋಡಿರಲಿಲ್ಲ. ನಮ್ಮವ್ವನ ಸಲುವಾಗಿ ಇಷ್ಟ ಅಳಾಕತ್ತಾರಲ್ಲ ಅನಿಸ್ತು. ಹೋಗ್ಲಿ, ಇದನ್ನರ ನೋಡೂಣಂತ ಸುಮ್ಮನ ಕುಂತ್ನಿ."

ನಾನು ಅಂದು ಅತ್ತಿರಲಿಲ್ಲ. ಲೋಬಾನದ ಹೊಗೆ ಕಣ್ಣಿಗೆ ಹೋಗಿತ್ತು. ಫೋನು ಅಲುಗಾಡದಂತೆ ಹಿಡಿಯುವ ಗಡಿಬಿಡಿಯಲ್ಲಿ ಅತ್ತೆಯವರು ಸತ್ತಿದ್ದಾರೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ. ಯಾರು ತಪ್ಪು ಹೇಳಿದರೂ ಅಲ್ಲಲ್ಲೇ ತಿದ್ದುವುದು ನನ್ನ ಹುಟ್ಟುಗುಣ. ಬಾಯಿ ತೆರೆದೆ. ಅವಳ ಮುಖ ನೋಡಿ ಮತ್ತೆ ಮುಚ್ಚಿಕೊಂಡೆ.

ಅವಳು ಕಣ್ಣೊರೆಸಿಕೊಂಡು, ಬಂದವರಿಗೆ ಚಹಾಕ್ಕೆ ಇಡಬೇಕು ಎಂದು ಎದ್ದು ಒಳಗೆ ಹೋದಳು. ಆಗ ನನಗೆ ನಿಜವಾಗಿಯೂ ಅಳು ಬಂತು. ನೋಡಲು ಪಡಸಾಲೆಯಲ್ಲಿ ಯಾರೂ ಇರಲಿಲ್ಲ.